ಗಂಗವ್ವಗ ಬಂದ ಪಾಳಿಯ ಫೋನು

ಇದು ಖರೇ ನಡೆದದ್ದು ರಿ. ಬಿಳಿ ಸೀರಿ, ಗೆಜ್ಜಿ ಸಪ್ಪಳ ಬೇಕಂದ್ರ ಬ್ಯಾರೆ ಕಡೆ ಹೋಗ್ರಿ. ದೆವ್ವ ನೋಡೇನಿ ಅನ್ನೋರನ್ನ ಕಂಡ್ರ ನನಗ ಮೊದಲಿಂದಾನೂ ನಗಿ ಬರ್ತೈತಿ. ಅರ್ಧ ಮಂದಿ ಕುಡದಿರ್ತಾರ, ಉಳಿದೋರು ಸುಳ್ಳು ಹೇಳ್ತಾರ. ಈಗ ಆ ಸಾಲಿನ್ಯಾಗ ನಾನೂ ಕುಂತೇನಿ, ಏನ್ ಮಾಡೂದು!

ಹಿರೇಕೆರೂರಾಗ ಬೀಜದ ಅಂಗಡಿ ಮ್ಯಾಲಿನ ಒಂದು ಖೋಲಿ ನನ್ನ ಆಫೀಸು. ಮಾಸೂರು ಕಡೆದ ಒಂದು ನೀರಿನ ಸಂಘಕ್ಕ ಪ್ರೋಗ್ರಾಂ ಬರದು ಕೊಟ್ಟಿದ್ದೆ. ಕಾಲುವಿ ನೀರಿನ ಪಾಳಿ ಯಾರ್ದು ಬಂತೋ ಅವರಿಗೆ ಕಂಪ್ಯೂಟರ್ ಫೋನ್ ಮಾಡ್ತೈತಿ. ಆ ಫೋನುಗಳನ್ನೂ ಪಾಳಿ ಹಚ್ಚಿ, ಹಿಂದ ಗಪ್ಪನ ಒಂದೊಂದಾಗಿ ಮುಗಸಾಕ ಮಂದಿ ಬರದಿಟ್ಟ ಪುಗಸಟ್ಟೆ ಪ್ರೋಗ್ರಾಂ ಸಿಗತಾವು, ಜಾಬ್ ಕ್ಯೂ ಅಂತಾರ. ಎತ್ತಲಿಲ್ಲಂದ್ರ ಮತ್ತ ಹಚ್ಚತೈತಿ. ಎಷ್ಟ್ ಸಲ ಅಂತ ನಾವ ಬರೀಬೇಕು. ನಾನು ಬರದಿರಲಿಲ್ಲ. ದೊಡ್ಡ ಶಾಣ್ಯಾ ನಾನು!

ಫೋನಿನ್ಯಾಗ ಕೇಳೂ ರೆಕಾರ್ಡ್ ದನಿ, ಕಾಲುವಿ ನೀರು ಬಿಡೋ ನೀರಗಂಟಿ ಬಸಪ್ಪಂದು. "ನಿಮ್ಮ ಪಾಳಿ ಬಂತ್ರಿ, ಕಾಲುವಿಗೆ ಬರ್ರಿ." ಹತ್ತು ಸೆಕೆಂಡು, ಅಷ್ಟ. ಬಸಪ್ಪ ತೀರಿಕೊಂಡು ತಿಂಗಳಾಗಿತ್ತು. ದನಿ ಬದಲಸೂಣ್ರಿ ಅಂದ್ರ ಸಂಘದ ಸೆಕ್ರೆಟರಿ, "ಇರ್ಲಿ ಬಿಡೋ, ಮಂದಿಗೆ ರೂಢಿ ಆಗೇತಿ" ಅಂದಿದ್ದ. ಜಿಪುಣ ಮುಂಡೇದು.

ಆವತ್ತು ಕತ್ತಲಾದ ಮ್ಯಾಲ ಸೆಕ್ರೆಟರಿ ಫೋನು. "ತಮ್ಮಾ, ಕಾಲುವಿ ಏರಿ ಒಡದೈತಿ! ಹೊಲದ ಹಾದಿ ತುಂಬ ನೀರು... ಯಾರನ್ನೂ ಕರೀಬ್ಯಾಡೋ!"

ಲಗೂನ ಕ್ಯೂದಾಗಿನ ಎಲ್ಲಾ ಹೆಸರು ಅಳಿಸಿದೆ. ಒಂದು ಉಳೀತು. ಗಂಗವ್ವ. ಬಸಪ್ಪನ ಹೇಂತಿ.

ಮೊದಲು ಎರಡು ಸಲ ಆಕಿ ಎತ್ತಿರಲಿಲ್ಲ, ಅದಕ್ಕ ಕ್ಯೂ ಆಕಿನ್ನ ಬಿಡವಲ್ದು. ಅಳಿಸಿದೆ... ಮತ್ತ ಬಂತು. ಅಳಿಸಿದೆ... ಮತ್ತ ಬಂತು. ಸತ್ತ ಗಂಡನ ದನಿ "ಬರ್ರಿ" ಅಂದ್ರ ಆಕಿ ಎದ್ದು ಹೋಗದ ಇರ್ತಾಳೇನು? ಕಂಪ್ಯೂಟರಿನ ವೈರ್ ಕಿತ್ತು ಒಗದೆ. ಪರದೆ ಆರಿತು.

ಆಗ ಖೋಲಿ ತುಂಬ ಹಸಿ ಕೆಸರಿನ ವಾಸನಿ... ಅದರ ಹಿಂದ ಬೀಡಿ ವಾಸನಿ. ಕೆಳಗ ಅಂಗಡಿ ಮುಚ್ಚಿ ತಾಸಾಗಿತ್ತು. ಅಂಜಕೋತ ಗಂಗವ್ವಗ ಫೋನ್ ಹಚ್ಚಿದೆ. ಎಂಗೇಜ್. ಮತ್ತ ಹಚ್ಚಿದೆ. ಎಂಗೇಜ್. ಹತ್ತು ಸೆಕೆಂಡಿನ ದನಿ ಕೇಳಾಕ ಇಷ್ಟೊತ್ತು ಯಾಕ?

ಗಾಡಿ ಹೊಡಕೊಂಡು ಆಕಿ ಊರಿಗೆ ಹೋದೆ. ಆಕಿ ಬಾಗಲದಾಗ ಕುಂತಿದ್ಲು. ಕಾಲಾಗ ಚಪ್ಪಲಿ, ಕೈಯಾಗ ಬ್ಯಾಟರಿ, ಉಡಿಯಾಗ ಮೊಬೈಲು.

"ಯವ್ವಾ, ಹೊಲಕ್ಕ ಹೋಗಬ್ಯಾಡ! ಏರಿ ಒಡದೈತಿ!"

"ಗೊತ್ತೈತೋ ತಮ್ಮಾ," ಅಂದ್ಲು ಮೆಲ್ಲಕ. "ನಮ್ಮನಿಯವ್ರು ಫೋನ್ ಮಾಡಿದ್ರು. ಬರಬ್ಯಾಡ ಗಂಗಾ, ಏರಿ ಹೋಗೇತಿ ಅಂದ್ರು."

ಮೊಬೈಲ್ ಇಸ್ಕೊಂಡು ನೋಡಿದೆ. ನನ್ನ ಆಫೀಸಿನ ನಂಬರು. ನಾಕು ನಿಮಿಷ. ನಾನು ವೈರ್ ಕಿತ್ತ ಮ್ಯಾಲಿಂದು.

"ಉಳಿದ ಹೊತ್ತು... ಏನ್ ಮಾತಾಡಿದ್ರಬೇ?"

"ಗಂಡಾ ಹೇಂತಿ ಮಾತು ನಿನಗ್ಯಾಕ ಬೇಕೋ?" ಸೆರಗಿಲೆ ಕಣ್ಣು ಒರಸ್ಕೊಂಡ್ಲು. "ನಾಳೆ ನನ್ನ ಹೆಸರು ಮತ್ತ ಪಾಳಿಗೆ ಹಚ್ಚಪಾ..."

ಮಷಿನ್ ಕೆಟ್ಟಿರಬೇಕು ಅಂತ ಸೆಕ್ರೆಟರಿ ಹಲ್ಲು ಕಿಸದ. ಮಷಿನ್ ಕೆಟ್ರ ಸುಮ್ನ ಬಿದ್ದಿರ್ತೈತಿ, ಸಂಸಾರದ ಮಾತಾಡೂದಿಲ್ಲೋ ಹುಚ್ಚಪ್ಯಾಲಿ!

ಏರಿ ಕಟ್ಟ್ಯಾರ, ನೀರು ಬಿಟ್ಟಾರ. ಗಂಗವ್ವನ ಪಾಳಿ ಬಂದಾಗ ನಾನ ಖುದ್ದು ಹೋಗಿ ಹೇಳಿ ಬರ್ತೇನಿ. ಹೋದಾಗೆಲ್ಲಾ ಆಕಿ ಅದನ್ನ ಕೇಳ್ತಾಳ, ಹೆಸರು ಹಚ್ಚೋ ತಮ್ಮಾ ಅಂತ. ನನಗ ಧೈರ್ಯ ಸಾಲವಲ್ದು. ಆವತ್ತು ಬ್ಯಾಡ ಅಂದ ಆ ದನಿ, ಈ ಸಲ ಬಾ ಅಂದ್ರ...?