ಕಮ್ಯುನಿಟಿ ಕಾಲೇಜಿಗೆ ಹೋದ ನತೇರ್ಸಿಯಾ

ನನ್ನ ಅಣ್ಣ ಬೆಲ್ಮಿರೊನ ಮಗಳು ನತೇರ್ಸಿಯಾ ದೊಡ್ಡ ಯೂನಿವರ್ಸಿಟಿಯಲ್ಲಿ ಸಿಕ್ಕ ಸೀಟು ಬಿಟ್ಟಳಂತೆ ಎಂಬ ಸುದ್ದಿ ಹಬ್ಬಿದ ಮರುದಿನ, ನಮ್ಮೂರ ಕ್ರಿಮಿಲ್ದೆ ಅಜ್ಜಿ ಒಂದು ದೊಡ್ಡ ಪಾತ್ರೆ ಸೊಪ್ಪಿನ ಸೂಪು ತಂದು ಅಣ್ಣನ ಮನೆಯ ಮೇಜಿನ ಮೇಲಿಟ್ಟರು. ನಮ್ಮವರು ಹಾಗೆ ಸೂಪು ಒಯ್ಯುವುದು ಸಾವಿನ ಮನೆಗೆ.

"ಏನಾಯ್ತಮ್ಮಾ ಹುಡುಗಿಗೆ?" ಎಂದು ಅಜ್ಜಿ ದನಿ ತಗ್ಗಿಸಿ ನನ್ನ ಅತ್ತಿಗೆ ಓತೀಲಿಯಾಳನ್ನು ಕೇಳಿದರು.

"ಏನೂ ಆಗಿಲ್ಲ. ಕಮ್ಯುನಿಟಿ ಕಾಲೇಜಿಗೆ ಹೋಗ್ತಾಳಂತೆ."

"ಅಯ್ಯೋ ದೇವ್ರೇ. ಹುಡುಗ ಯಾರು?"

"ಯಾವ ಹುಡುಗಾನೂ ಇಲ್ಲ ಅಜ್ಜಿ."

"ಹಾಗೇ ಹೇಳು ಎಲ್ಲಾರ್ಗೂ. ಅದೇ ಒಳ್ಳೇದು."

ಸೂಪು ಚೆನ್ನಾಗಿತ್ತು. ಎರಡು ದಿನ ಕುಡಿದೆವು.

ಅಣ್ಣ ಕಡಲಾಚೆಯ ನಮ್ಮ ತೆರ್ಸೇರಾ ದ್ವೀಪದಿಂದ ಈ ಸಾನ್ ವಾಕೀನ್ ಬಯಲಿಗೆ ವಲಸೆ ಬಂದಾಗ ಅವನಿಗೆ ಇಂಗ್ಲಿಷಿನಲ್ಲಿ ಬರುತ್ತಿದ್ದದ್ದು ಹಸುಗಳ ಮುಂದೆ ಆಡುವ ನಾಲ್ಕು ಮಾತು. ಬೇರೆಯವರ ಕೊಟ್ಟಿಗೆಯಲ್ಲಿ ಹಾಲು ಕರೆದು, ಕೊನೆಗೆ ತನ್ನದೇ ಹಟ್ಟಿ ಕಟ್ಟಿದ. ಮಗಳಿಗೆ ಕರಾವಳಿಯ ಹೆಸರುವಾಸಿ ಯೂನಿವರ್ಸಿಟಿಯಲ್ಲಿ ಸೀಟು ಸಿಕ್ಕ ಸಂಜೆಯೇ ಪಿಕಪ್ಪಿನ ಹಿಂದೆ ಅದರ ಹೆಸರಿನ ಸ್ಟಿಕ್ಕರ್ ಅಂಟಿಸಿದ್ದ. ಅವಳು ಅಡುಗೆಮನೆಯಲ್ಲಿ ನಿಂತು "ನಾನು ಹೋಗಲ್ಲ" ಎಂದ ದಿನ ಹೊರಗೆ ಹೋಗಿ ಚಾಕುವಿನಲ್ಲಿ ಅದನ್ನು ಕೆರೆದು ತೆಗೆದ. ಜೊತೆಗೆ ಬಣ್ಣವೂ ಬಂತು.

"ಯಾಕೆ ಹೋಗಲ್ಲ?" ಎಂದ, ಚಾಕು ಕೈಯಲ್ಲೇ ಇತ್ತು.

"ಏನು ಓದ್ಬೇಕು ಅಂತ ನನಗೇ ಗೊತ್ತಿಲ್ಲ ಅಪ್ಪ."

"ಅದರಲ್ಲೇನಿದೆ? ಡಾಕ್ಟರ್ ಆಗು."

"ರಕ್ತ ನೋಡಿದ್ರೆ ನನಗೆ ತಲೆ ಸುತ್ತುತ್ತೆ. ಕರು ಹಾಕೋವಾಗ ನೀನೇ ನನ್ನ ಹೊರಗೆ ಕಳಿಸ್ತೀಯ. ಇಲ್ಲೇ ಹತ್ತಿರದಲ್ಲಿ, ಕೇಳಿದೋರಿಗೆಲ್ಲ ಸೀಟು ಕೊಡೋ ಕಮ್ಯುನಿಟಿ ಕಾಲೇಜಲ್ಲಿ ಎರಡು ವರ್ಷ ಓದಿ, ಏನು ಬೇಕು ಅಂತ ನೋಡ್ಕೊಂಡು, ಆಮೇಲೆ ಯೂನಿವರ್ಸಿಟಿಗೆ ವರ್ಗ ಮಾಡಿಸ್ಕೋತೀನಿ."

ಅಣ್ಣ ನನ್ನ ಕಡೆ ತಿರುಗಿದ. "ಕೇಳಿದ್ಯಾ ಲುಸೀಂದಾ? ಬಸ್ಸು ಮನೆ ಬಾಗಿಲಲ್ಲೇ ನಿಂತಿದೆ. ಇವಳು ಎರಡು ಸ್ಟಾಪ್ ನಡ್ಕೊಂಡು ಹೋಗಿ ಅಲ್ಲಿ ಹತ್ತುತ್ತಾಳಂತೆ."

ನನಗೂ ಹಾಗೇ ಅನ್ನಿಸಿತು. ಆದರೆ ನನ್ನದು ಬೇಕರಿ. ಬೆಳಗ್ಗೆ ಎಲ್ಲರೂ ಬಂದು ಸಿಹಿ ಬ್ರೆಡ್ಡು ಒಯ್ಯುವ ಜಾಗ. ಅಲ್ಲಿ ನಿಂತವರು ಬಾಯಿ ಬಿಟ್ಟರೆ ಊರಿಗೇ ಕೇಳಿಸುತ್ತದೆ. ಹಿಟ್ಟು ನಾದಬೇಕೆಂದು ನೆಪ ಹೇಳಿ ಎದ್ದೆ.

ಯಾವ ಕಮ್ಯುನಿಟಿ ಕಾಲೇಜು ಎಂಬುದು ಇನ್ನೊಂದು ಪ್ರಶ್ನೆ. ಒಂದು ನಮ್ಮೂರಲ್ಲೇ ಇತ್ತು. ಇನ್ನೊಂದು ಉತ್ತರಕ್ಕೆ, ಕಾರಿನಲ್ಲಿ ಹೆಚ್ಚುಕಡಿಮೆ ಒಂದು ತಾಸಿನ ದಾರಿ. ಎರಡನ್ನೂ ನೋಡಲು ನನ್ನನ್ನು ಜೊತೆಗೆ ಕರೆದೊಯ್ದಳು. ನಮ್ಮೂರಿನದರ ಗೇಟಿನಿಂದ ಆಫೀಸಿಗೆ ಹೋಗುವಷ್ಟರಲ್ಲಿ ಅವಳ ಚಿಕ್ಕಪ್ಪನ ಮಕ್ಕಳು, ಸೋದರಮಾವನ ಮಕ್ಕಳು, ಓತೀಲಿಯಾಳ ತಂಗಿಯ ಮಗಳು, ಎಲ್ಲರೂ ಸಿಕ್ಕರು. ಎಲ್ಲರೂ ಕೆನ್ನೆಗೆ ಮುತ್ತಿಟ್ಟರು. ಆಫೀಸು ತಲುಪಿದಾಗ ಅದು ಊಟಕ್ಕೆ ಮುಚ್ಚಿತ್ತು.

"ಅತ್ತೆ, ಇಲ್ಲಿ ನಾನು ಕ್ಲಾಸಲ್ಲಿ ಕೆಮ್ಮಿದ್ರೆ ಮನೇಲಿ ಅಮ್ಮ ಕಷಾಯ ಕಾಯಿಸಿರ್ತಾಳೆ" ಎಂದಳು.

ಉತ್ತರದ ಕಾಲೇಜಿನಲ್ಲಿ ಸಲಹೆ ಕೊಡುವವರು ಲೋರ್ ಎಂಬವರು, ನಮ್ಮಂತೆಯೇ ದೂರದಿಂದ ವಲಸೆ ಬಂದ ಹ್ಮಾಂಗ್ ಜನಾಂಗದವರು. ಮೇಜಿನ ಮೇಲೆ ಅರ್ಧ ತಿಂದ ಅನ್ನದ ಡಬ್ಬಿ.

"ಯಾವ ಯೂನಿವರ್ಸಿಟಿಗೆ ಹೋಗ್ಬೇಕು ಅಂತಿದ್ದೀಯಮ್ಮ?"

"ಗೊತ್ತಿಲ್ಲ ಸರ್."

"ಯಾವ ವಿಷಯ?"

"ಅದೂ ಗೊತ್ತಿಲ್ಲ."

ಆ ತಿಂಗಳಲ್ಲಿ ಅವಳ ಈ ಉತ್ತರ ಕೇಳಿ ಮುಖ ಸಪ್ಪೆ ಮಾಡಿಕೊಳ್ಳದಿದ್ದವರು ಅವರೊಬ್ಬರೇ. "ಸರಿ, ಹಾಗಾದ್ರೆ ಯಾವ ಬಾಗಿಲೂ ಮುಚ್ಚದ ಹಾಗೆ ಓದೋಣ. ಗಣಿತ ಬೇಕು, ಕೆಮಿಸ್ಟ್ರಿ ಬೇಕು. ಒಂದು ಮಾತು ನೆನಪಿಟ್ಕೋ, ಇಲ್ಲಿ ಪಾಸಾದದ್ದೆಲ್ಲ ಅಲ್ಲಿ ನಡೆಯಲ್ಲ. ಕ್ಲಾಸು ಸೇರೋ ಮುಂಚೇನೇ ಕೇಳ್ಬೇಕು, ಇದನ್ನ ಅವರು ಒಪ್ತಾರಾ ಅಂತ. ನಾನು ಆಮೇಲೆ ಕೇಳಿದವನು. ಎರಡು ವರ್ಷದ ಕಾಲೇಜಲ್ಲಿ ಐದು ವರ್ಷ ಇದ್ದೆ."

ಅಲ್ಲೇ ಸೇರಿದಳು.

ಬೆಳಗಿನ ಹಾಲು ಕರೆಯುವುದು ಮುಗಿಸಿ, ಬೂಟು ಬದಲಿಸಿ, ಕಾರು ಹತ್ತುತ್ತಿದ್ದಳು. ಕ್ಲಾಸಿನಲ್ಲಿ ಅವಳ ಎಡಕ್ಕೆ ಸೈನ್ಯದಿಂದ ವಾಪಸಾದವನೊಬ್ಬ, ಬಲಕ್ಕೆ ಮೊಮ್ಮಗುವಿಗೆ ಟೋಪಿ ಹೆಣೆಯುತ್ತ ಪಾಠ ಕೇಳುವ ಹೆಂಗಸು. ಭೂವಿಜ್ಞಾನದ ಕ್ಲಾಸು ತೆಗೆದುಕೊಂಡದ್ದಕ್ಕೆ ವಿಶೇಷ ಕಾರಣವೇನಿಲ್ಲ. ಯೂನಿವರ್ಸಿಟಿಗಳು ಅದನ್ನು ಒಪ್ಪುತ್ತಿದ್ದವು, ಹಾಲಿನ ಹೊತ್ತಿಗೂ ಅಡ್ಡ ಬರುತ್ತಿರಲಿಲ್ಲ.

ಆ ಕ್ಲಾಸಿನ ಮೇಡಂ ಒಂದು ದಿನ ಎಲ್ಲರನ್ನೂ ನಾಲೆಯೊಂದರ ಸೇತುವೆಗೆ ಕರೆದುಕೊಂಡು ಹೋದರು. ನಾವು ಈ ಬಯಲಿಗೆ ಬಂದ ಹೊಸದರಲ್ಲಿ ಅದರ ಕೆಳಗೆ ದೋಣಿ ಹೋಗುತ್ತಿತ್ತು. ಈಗ ನೀರು ಸೇತುವೆಯ ಹೊಟ್ಟೆಗೆ ತಾಗುತ್ತಿತ್ತು. ನೀರು ಏರಿರಲಿಲ್ಲ. ನೆಲವೇ ಇಳಿದಿತ್ತು, ಸೇತುವೆಯನ್ನೂ ಹೊತ್ತುಕೊಂಡು.

ನತೇರ್ಸಿಯಾ ಆ ಸಂಜೆ ಊಟ ಮಾಡಲಿಲ್ಲ. ತಟ್ಟೆ ಮುಂದಿಟ್ಟುಕೊಂಡು ಹೇಳಿದಳು: "ಅಪ್ಪ, ನಮ್ಮ ನೆಲ ಕೆಳಗೆ ಇಳೀತಾ ಇದೆ."

"ಯಾವ ನೆಲ?"

"ನಾವು ಕೂತಿರೋ ನೆಲ. ಬೋರ್‌ವೆಲ್ಲಿಂದ ನೀರು ಎತ್ತಿ ಎತ್ತಿ, ಅಡಿಯ ಜೇಡಿಮಣ್ಣು ಹಿಂಡಿಹೋಗಿದೆ. ಮತ್ತೆ ನೀರು ತುಂಬಿದ್ರೂ ಅದು ಮೇಲೇಳಲ್ಲ."

ಅಣ್ಣ ಬಗ್ಗಿ ಮೇಜಿನ ಕಾಲು ನೋಡಿದ. "ಮೇಜು ನೆಟ್ಟಗಿದೆ."

"ಎಲ್ಲಾ ಒಟ್ಟಿಗೆ ಇಳೀತಿದೆ. ಅದಕ್ಕೇ ಗೊತ್ತಾಗಲ್ಲ."

"ಎಲ್ಲಾ ಒಟ್ಟಿಗೆ ಇಳಿದ್ರೆ ತೊಂದರೆ ಏನು?"

ಅವಳು ಎದ್ದು ಹೋದಳು. ಅಣ್ಣ ಕೆಲವು ದಿನ ಅವಳೊಡನೆ ಮಾತು ಬಿಟ್ಟ. ಹೇಳಬೇಕಾದ್ದನ್ನು ಕೊಟ್ಟಿಗೆಯಲ್ಲಿ ಅವಳಿಗೆ ಕೇಳಿಸುವಂತೆ ಹಸುಗಳಿಗೆ ಹೇಳುತ್ತಿದ್ದ. ನನ್ನ ಬೇಕರಿಗೆ ಬಂದು, "ಅಪ್ಪನ ಬೋರ್‌ವೆಲ್ ತಪ್ಪು ಅಂತ ಕಲಿಯೋಕೆ ದೊಡ್ಡ ಕಾಲೇಜಿಗೆ ಹೋಗಿದ್ರೆ ಒಂದು ಮರ್ಯಾದೆಯಾದ್ರೂ ಇರ್ತಿತ್ತು" ಎಂದ.

ಆದರೆ ಅವಳಿಗೆ ಏನು ಓದಬೇಕೆಂಬುದು ಸಿಕ್ಕಿತ್ತು: ಅಂತರ್ಜಲ. ಅದಕ್ಕೆ ಭೌತಶಾಸ್ತ್ರದ ಎರಡನೆಯ ಕ್ಲಾಸು ಬೇಕೇ ಬೇಕು. ಸೇರಿದವರು ಕಡಿಮೆ, ಕ್ಲಾಸು ರದ್ದು ಮಾಡುತ್ತೇವೆ ಎಂದರು ಕಾಲೇಜಿನವರು. ಅದು ರದ್ದಾದರೆ ಆ ವರ್ಷ ವರ್ಗವಿಲ್ಲ.

ಭಾನುವಾರ ಚರ್ಚಿನ ಪೂಜೆ ಮುಗಿದ ಮೇಲೆ ಹುಡುಗಿ ಬಾಗಿಲಲ್ಲಿ ನಿಂತಳು. ಯಾರಿಂದ ತಪ್ಪಿಸಿಕೊಳ್ಳಲು ಅಷ್ಟು ದೂರ ಹೋಗಿದ್ದಳೋ ಆ ಅಣ್ಣತಮ್ಮಂದಿರನ್ನೇ ಕ್ಲಾಸಿಗೆ ಸೇರಿ ಎಂದು ಒಬ್ಬೊಬ್ಬರಾಗಿ ಹಿಡಿದಳು.

"ಭೌತಶಾಸ್ತ್ರ ನನಗೆ ಯಾಕೆ?" ಎಂದ ಅವಳ ಚಿಕ್ಕಪ್ಪನ ಮಗ ವಾಲ್ದೆಮಾರ್.

"ನಿನ್ನ ಟ್ರ್ಯಾಕ್ಟರ್ ಹೋದ ವರ್ಷ ಯಾಕೆ ಮಗುಚ್ತು ಅಂತ ಗೊತ್ತಾಗುತ್ತೆ."

"ಅದು ಗೊತ್ತು. ನಾನು ಕುಡಿದಿದ್ದೆ."

ಆದರೂ ಬಂದ. ಇಡೀ ವ್ಯಾನು ತುಂಬ ನಮ್ಮ ಬೆತೆಂಕೂರ್ ಮನೆತನದವರು ಉತ್ತರಕ್ಕೆ ಹೋಗಿ ಸೇರಿಕೊಂಡರು. ಮೊದಲ ಪರೀಕ್ಷೆಯ ನಂತರ ಹೆಚ್ಚಿನವರು ಉದುರಿದರು, ಅಷ್ಟರಲ್ಲಿ ಕ್ಲಾಸು ನಿಲ್ಲಿಸುವ ಗಡುವು ದಾಟಿತ್ತು. ವಾಲ್ದೆಮಾರ್ ಮಾತ್ರ ಕೊನೆಯವರೆಗೂ ಕೂತು ಪಾಸಾದ. ಯಾಕೆಂದು ಅವನಿಗೂ ತಿಳಿಯದು.

ವಸಂತದಲ್ಲಿ ಅವಳ ವರ್ಗದ ಅರ್ಜಿಗೆ ಉತ್ತರ ಬಂತು. ಹದಿನೆಂಟರಲ್ಲಿ ಬಾ ಬಾ ಎಂದಿದ್ದ ಕರಾವಳಿಯ ಯೂನಿವರ್ಸಿಟಿ ಇಪ್ಪತ್ತರಲ್ಲಿ ಬೇಡ ಎಂದಿತು. ಅವಳು ಬೇಕರಿಯ ಮುಂದೆ ಕಾರು ನಿಲ್ಲಿಸಿ ಇಳಿಯದೆ ಕೂತಿದ್ದಳು. ಇಂಜಿನ್ ಓಡುತ್ತಲೇ ಇತ್ತು. ನಾನು ಬಿಸಿ ಬ್ರೆಡ್ಡು ತೆಗೆದುಕೊಂಡು ಹೋಗಿ ಪಕ್ಕದಲ್ಲಿ ಕೂತೆ.

"ಅಪ್ಪ ಹೇಳಿದ್ದೇ ಸರಿ ಅತ್ತೆ. ಬಸ್ಸು ಹೋಯ್ತು."

"ಬೆಣ್ಣೆ ಹಚ್ಚಲಾ?" ಎಂದೆ. ಹಚ್ಚು ಎಂದಳು. ಅಳುತ್ತಲೇ ಅರ್ಧ ಬ್ರೆಡ್ಡು ತಿಂದಳು.

ಅಣ್ಣನಿಗೆ ನಾನೇ ಹೇಳಿದೆ. ನೋಡಿದ್ಯಾ ಎನ್ನುತ್ತಾನೆಂದು ಕಾದೆ. ಅವನು ಹಾಲಿನ ಪೈಪು ತೊಳೆಯುತ್ತಿದ್ದವನು ನಲ್ಲಿ ನಿಲ್ಲಿಸಿದ.

"ಬೇಡ ಅಂದ್ರಾ? ನನ್ನ ಮಗಳನ್ನ?"

"ಹೂಂ."

"ಅವರಿಗೇನು ಗೊತ್ತು ಅಂತರ್ಜಲದ ವಿಷ್ಯ? ಸಮುದ್ರದ ಪಕ್ಕ ಕೂತಿರೋರು."

ಆ ವಿಷಯದ ಹೆಸರನ್ನು ಅವನು ಬೈಗುಳವಿಲ್ಲದೆ ಹೇಳಿದ್ದು ಅದೇ ಮೊದಲು.

ವಾರ ಕಳೆದ ಮೇಲೆ ಬಯಲಿನ ಆಚೆ ತುದಿಯ ಇನ್ನೊಂದು ಯೂನಿವರ್ಸಿಟಿ ಅವಳನ್ನು ಕರೆಯಿತು. ಅದಕ್ಕೆ ಅಷ್ಟು ಹೆಸರಿಲ್ಲ, ಆದರೆ ನೀರಿನ ವಿಭಾಗ ಒಳ್ಳೆಯದು. ಓದಿದ ಒಂದು ಕ್ಲಾಸೂ ವ್ಯರ್ಥವಾಗಲಿಲ್ಲ. ಲೋರ್ ಫೋನ್ ಮಾಡಿ ಅವಳಿಗಿಂತ ಹೆಚ್ಚು ಖುಷಿಪಟ್ಟರು. ಕ್ರಿಮಿಲ್ದೆ ಅಜ್ಜಿ ಈ ಸಲ ಕೇಕು ತಂದರು. ಹುಡುಗ ಯಾರೆಂದು ಮತ್ತೆ ಕೇಳಿದರು.

ಈಗ ನತೇರ್ಸಿಯಾ ನಮ್ಮ ಜಿಲ್ಲೆಯ ನೀರಿನ ಕಚೇರಿಯಲ್ಲಿದ್ದಾಳೆ. ಬೋರ್‌ವೆಲ್‌ಗಳ ಮಟ್ಟ ಅಳೆಯುತ್ತಾಳೆ, ಯಾರು ಎಷ್ಟು ಎತ್ತಬಹುದು ಎಂದು ಸಭೆಯಲ್ಲಿ ನಿಂತು ಹೇಳುತ್ತಾಳೆ. ಜನ ಬೈಯುತ್ತಾರೆ. ಹೋದ ತಿಂಗಳು ಚರ್ಚಿನ ಸಭಾಂಗಣದಲ್ಲಿ ನಡೆದ ಸಭೆಗೆ ನಾನೂ ಹೋಗಿದ್ದೆ. ಅಣ್ಣ ಟೋಪಿ ತೆಗೆದು ಎದ್ದು ನಿಂತ.

"ಮಿಸ್ ಬೆತೆಂಕೂರ್ ಅವ್ರೇ, ಹಾಲಿನವರಿಗೂ ದೊಡ್ಡ ಬಾದಾಮಿ ತೋಟದ ಕಂಪನಿಗೂ ಒಂದೇ ಅಳತೆ ಹಾಕಿದ್ದೀರಲ್ಲ, ಇದು ಯಾವ ನ್ಯಾಯ?"

"ಅಳತೆ ಎಕರೆ ಲೆಕ್ಕದಲ್ಲಿದೆ, ಮಿಸ್ಟರ್ ಬೆತೆಂಕೂರ್. ನಿಯಮ ನಾನು ಮಾಡಿದ್ದಲ್ಲ. ನಿಮ್ಮ ಆಕ್ಷೇಪಣೆ ಬರ್ಕೋತೀನಿ."

"ದಪ್ಪ ಅಕ್ಷರದಲ್ಲಿ ಬರ್ಕೊಳ್ಳಿ."

"ಕೂತ್ಕೊಳ್ಳಿ, ಹಿಂದಿನವರು ಕೈ ಎತ್ತಿದ್ದಾರೆ."

ಕೂತ. ಸಭೆ ಮುಗಿದ ಮೇಲೆ, ಅವಳ ಕಾರು ರಿಪೇರಿಗೆ ಹೋಗಿದ್ದರಿಂದ, ಇಬ್ಬರೂ ಅವನ ಪಿಕಪ್ಪಿನಲ್ಲೇ ಮನೆಗೆ ಹೊರಟರು. ಹಿಂದಿನ ಸೀಟಿನಲ್ಲಿ ನಾನಿದ್ದೆ. ದಾರಿಯುದ್ದಕ್ಕೂ ಅಪ್ಪ ಮಗಳು ಸೇರಿ ಬಾದಾಮಿ ಕಂಪನಿಯವರನ್ನು ಬೈದರು. ಆ ಒಂದು ವಿಷಯದಲ್ಲಿ ಅವರಿಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ.