ಬೆಂಕಿ ಇಲ್ಲದ ಬೀಡಿ

ಪ್ರತಿಭಾಳ ಮನೆಯಲ್ಲಿ ದೇವರ ಮುಂದೆ ದೀಪ ಹಚ್ಚದೆ ಎರಡು ವರ್ಷವಾಗಿತ್ತು. ಅತ್ತೆ ನೀಲಗಂಗಾಳ ಮೂಗಿಗೆ ಆಕ್ಸಿಜನ್ ನಳಿಗೆ ಬಂದ ದಿನವೇ ಅವಳು ಬತ್ತಿ, ಊದುಬತ್ತಿ, ಕಡ್ಡಿಪೆಟ್ಟಿಗೆ ಎಲ್ಲವನ್ನೂ ಮನೆಯಿಂದಾಚೆ ಹಾಕಿದ್ದಳು; ಆಕ್ಸಿಜನ್ ಇರುವಲ್ಲಿ ಒಂದು ಕಿಡಿ ಬಿದ್ದರೂ ಭಗ್ಗನೆ ಹತ್ತಿಕೊಳ್ಳುತ್ತದೆ. ನಳಿಗೆ ಬದಲಿಸುವುದು, ಒಣಗಿ ಒಡೆದ ಮೂಗಿಗೆ ಎಣ್ಣೆಯ ಬದಲು ನೀರಿನ ಜೆಲ್ ಹಚ್ಚುವುದು, ಬೆರಳಿಗೆ ಮೀಟರ್ ಸಿಕ್ಕಿಸಿ ರಕ್ತದ ಆಕ್ಸಿಜನ್ ಅಂಕಿ ತೊಂಬತ್ತರ ಕೆಳಗಿಳಿಯದಂತೆ ನೋಡುವುದು, ಇದನ್ನೆಲ್ಲ ಯಂತ್ರ ತಂದುಕೊಟ್ಟವನಿಂದ ಅಡುಗೆಮನೆಯಲ್ಲಿ ನಿಂತೇ ಕಲಿತಿದ್ದಳು. ಗಂಡ ಕಲ್ಮೇಶ ಕಲಿಯಲಿಲ್ಲ. "ನೀ ಅದಿಯಲ್ಲ," ಎನ್ನುತ್ತಿದ್ದ.

ಬಸವ ಜಯಂತಿಯ ಊಟ ಅಮೆರಿಕದ ಡುಲುತ್‌ನ ಬಾಡಿಗೆ ಹಾಲ್‌ನಲ್ಲಿ. ಮನೆಯಿದ್ದ ಕಮ್ಮಿಂಗ್‌ನಿಂದ ಅತ್ತೆಯನ್ನೂ, ಹೆಗಲಿಗೆ ಹಾಕುವ ಆಕ್ಸಿಜನ್ ಯಂತ್ರವನ್ನೂ, ತಾನೇ ಬಡಿದ ನೂರು ರೊಟ್ಟಿಯನ್ನೂ ಅವಳು ಡ್ರೈವ್ ಮಾಡಿ ತಂದಿದ್ದಳು. ರೊಟ್ಟಿ ನೀಡುತ್ತ ತಿರುಗಿ ನೋಡಿದರೆ, ಊಟ ಹಾಕಿಸುತ್ತಿದ್ದ ಡಾಕ್ಟರ್ ಶಿವಬಸಪ್ಪ ಅತ್ತೆಯ ಮಗ್ಗುಲಿಗೇ ಕುರ್ಚಿ ಎಳೆದುಕೊಂಡು, ದಪ್ಪ ಪೆನ್ನಿನಂಥದೊಂದಕ್ಕೆ ತಂಬಾಕಿನ ಕಡ್ಡಿ ತೂರಿಸುತ್ತಿದ್ದರು.

"ಅಂಕಲ್, ಬ್ಯಾಡ್ರಿ! ನಮ್ಮ ಅತ್ತಿಯವ್ರಿಗೆ ಆಕ್ಸಿಜನ್ ಹಚ್ಚೇತ್ರಿ."

"ಬೆಂಕಿ ಎಲ್ಲೈತವಾ ಇದರಾಗ? ಸುಡೂದಿಲ್ಲ, ಬರೇ ಬಿಸಿ ಮಾಡ್ತದ. ಜಪಾನಿಂದ ತರಿಸೀನಿ."

"ಗ್ವಾಡಿ ಮ್ಯಾಲೆ ನೋ ಸ್ಮೋಕಿಂಗ್ ಅಂತ ಬೋರ್ಡ್ ಐತಲ್ರಿ..."

"ಹೊಗೀನ ಇಲ್ಲ, ಎಲ್ಲಿ ಸ್ಮೋಕಿಂಗು? ನಲವತ್ತು ವರ್ಷ ಡಾಕ್ಟರ್ ಆಗಿದ್ದಾವಗ ಪಾಠ ಹೇಳ್ತಾಳ ನೋಡ್ರಿ!"

ಮೇಜಿನ ಸುತ್ತ ಎಲ್ಲರೂ ನಕ್ಕರು.

"ಪ್ರತಿಭಾ, ರೊಟ್ಟಿ ನೀಡು," ಎಂದ ಕಲ್ಮೇಶ, ತಾಟಿನಿಂದ ತಲೆ ಎತ್ತದೆ.

ಅವಳು ರೊಟ್ಟಿಯ ಬುಟ್ಟಿ ಕೆಳಗಿಟ್ಟಳು. ಆ ಪೆನ್ನಿನೊಳಗೆ ಕಾದ ಲೋಹವಿದೆ. ಅತ್ತೆಯ ಸೆರಗು, ಕೂದಲು, ಕತ್ತಿನ ಶಾಲು ಬೆಳಗಿನಿಂದ ಆಕ್ಸಿಜನ್ ಕುಡಿದು ಕೂತಿವೆ. ಹತ್ತಿಕೊಂಡರೆ ನೀರು ಹುಡುಕುವಷ್ಟು ಪುರಸೊತ್ತೂ ಸಿಗದು. ಗೋಡೆಗೂ ಮೇಜಿಗೂ ನಡುವೆ ಸಿಕ್ಕಿಕೊಂಡ ಅತ್ತೆಯನ್ನು ಎಬ್ಬಿಸಲು ಇಬ್ಬರು ಬೇಕು.

ಅಷ್ಟರಲ್ಲಿ ಅತ್ತೆಯೇ ಕೈ ಎತ್ತಿ ಮೂಗಿನ ನಳಿಗೆ ಕಿತ್ತುಕೊಂಡಳು. "ಇರ್ಲಿ ಬಿಡವಾ. ಉಣ್ಣಾಕ ಹಾಕಿದವ್ರು... ಬ್ಯಾಡ ಅನಬಾರ್ದು. ಆ ಬೀಡಿ ಸೇದ್ಲಿ... ಆಮ್ಯಾಲೆ ಹಾಕ್ಕೋತೀನಿ."

"ನೋಡು, ಹಿರ್ಯಾರು ಅಂದ್ರ ಹಿಂಗಿರಬೇಕು," ಎಂದು ಶಿವಬಸಪ್ಪ ಪೆನ್ನು ಬಾಯಿಗಿಟ್ಟರು. ಸುಟ್ಟ ಜೋಳದಂಥ ವಾಸನೆ ಬಂತು.

ಪ್ರತಿಭಾ ಮೇಜಿನ ಕೆಳಗೆ ಬಗ್ಗಿ ಆಕ್ಸಿಜನ್ ಸೋರದಂತೆ ಯಂತ್ರ ಆರಿಸಿದಳು, ಶಾಲು ಎಳೆದು ದೂರ ಎಸೆದಳು. ಅತ್ತೆಯ ಬೆರಳಿಗೆ ಮೀಟರ್ ಹಾಕಿದಳು. ಬೆಂಕಿಯ ಭಯದ ಮೇಲೆ ಈಗ ಇನ್ನೊಂದು ಭಯ ಏರಿ ಕೂತಿತ್ತು.

"ತೊಂಬತ್ತೊಂದು," ಎಂದಳು.

ಯಾರೂ ಕೇಳಿಸಿಕೊಳ್ಳಲಿಲ್ಲ.

"ಎಂಬತ್ತೊಂಬತ್ತು." ದನಿ ಏರಿಸಿದಳು. "ಎಂಬತ್ತೇಳು."

ಅತ್ತೆಯ ಭುಜಗಳು ಮೇಲೆ ಕೆಳಗೆ ಆಡತೊಡಗಿದವು. ನಗು ನಿಂತಿತು. ಆ ಅಂಕಿಯ ಅರ್ಥ ಆ ಮೇಜಿನಲ್ಲಿ ಅವಳನ್ನು ಬಿಟ್ಟರೆ ಒಬ್ಬರಿಗೇ ಗೊತ್ತಿತ್ತು. ಅವರ ಕೈ ತುಟಿಯ ಹತ್ತಿರ ತಡೆದು ನಿಂತಿತು.

"ಎಂಬತ್ತೈದು, ಅಂಕಲ್."

ಶಿವಬಸಪ್ಪ ಎದ್ದರು. ಯಾರ ಮುಖವನ್ನೂ ನೋಡದೆ, ಪೆನ್ನು ಮುಷ್ಟಿಯಲ್ಲಿ ಹಿಡಿದು ಹೊರಬಾಗಿಲ ಕಡೆ ಹೊರಟರು.

ಬಾಗಿಲು ಮುಚ್ಚಿದ ಮೇಲೆಯೇ ಅವಳು ಸ್ವಿಚ್ ಒತ್ತಿದ್ದು. ನಳಿಗೆಯನ್ನು ಮತ್ತೆ ಅತ್ತೆಯ ಮೂಗಿಗೆ ಸಿಕ್ಕಿಸಿದಳು. ಅತ್ತೆಯ ತುಟಿ ನೀಲಿಗಟ್ಟಿತ್ತು.

"ಮಂದಿ ಮುಂದ ಹಂಗ ಒದರೂದೇನಿತ್ತು?" ಕಲ್ಮೇಶ ಹಲ್ಲು ಕಚ್ಚಿ ಕೇಳಿದ.

ಅವಳು ಮೀಟರ್ ನೋಡುತ್ತಿದ್ದಳು. ಎಂಬತ್ತೈದು. ಇನ್ನೂ ಎಂಬತ್ತೈದೇ. ಎಂಬತ್ತಾರು ಮೂಡುವವರೆಗೆ ಅವಳೂ ಉಸಿರು ಬಿಡಲಿಲ್ಲ.