ಗೋಡೆಯಾಚೆಯ ಮಾತ್ರೆ

ಪಕ್ಕದ ಮನೆಯಲ್ಲಿ ಬೆಳ್ಳುಳ್ಳಿ ಒಗ್ಗರಣೆ ಬಿದ್ದರೆ ನಿಮಗೆ ಹಸಿವಾಗಬಹುದು. ನಾನು ಎದ್ದು ಹೋಗಿ ಮಗಳ ಮುಖ ನೋಡುತ್ತೇನೆ. ಇವತ್ತು ಮಧ್ಯಾಹ್ನವೂ ಹಾಗೇ ಆಯಿತು. ಒಮಾನಿನ ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯ ಈ ಮನೆಯಲ್ಲಿ ಓದುತ್ತ ಕುಳಿತಿದ್ದ ಅನ್ವಿ, ಈಗ ನನಗಿಂತ ಎತ್ತರ ಬೆಳೆದವಳು, ತಲೆಯೆತ್ತದೆ "ಇಟ್ಸ್ ಜಸ್ಟ್ ಸಾರು, ಅಮ್ಮ" ಎಂದಳು. ಸಾರೇ ಇರಬಹುದು. ನನ್ನ ಮೂಗು ಒಪ್ಪಬೇಕಲ್ಲ.

ಅವಳು ಪುಟ್ಟವಳಿದ್ದಾಗ ನಾವು ಇದೇ ಊರಿನ ವಾದಿ ಅದಾಯ್‌ನಲ್ಲಿದ್ದೆವು. ಕೆಳಗೆ ಟೈರಿನ ಅಂಗಡಿ, ಮೇಲೆ ನಮ್ಮ ಸಂಸಾರಗಳು. ಮೈಸೂರಿನಿಂದ ಬಂದ ಹೊಸದರಲ್ಲಿ ನನಗೆ ಶುಚಿಯ ಹುಚ್ಚು. ನೆಲಕ್ಕೊಂದು ಬಾಟಲಿ, ಬಚ್ಚಲಿಗೊಂದು, ಗಾಜಿಗೆ ಇನ್ನೊಂದು. ಮಗುವಿನ ಕೈಗೆ ಸಿಗದಿರಲೆಂದು ಎಲ್ಲವನ್ನೂ ಮೇಲಿನ ಕಪಾಟಿನಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ಎಲ್ಲಿಟ್ಟೆನೆಂದು ನಾನೇ ಹುಡುಕಾಡುತ್ತಿದ್ದೆ. ವಿಷ ಗೋಡೆಯಾಚೆಯಿಂದಲೂ ಬರಬಹುದೆಂದು ಹೊಳೆದಿರಲಿಲ್ಲ.

ಗೋಡೆಯಾಚೆ ಇದ್ದವರು ಮಂಡ್ಯದ ರೇಖಾ ಮತ್ತು ಗಣೇಶ್. ಅವರ ಮಗನ ಮೈತುಂಬ ತಿಗಣೆ ಕಚ್ಚಿದ ಕೆಂಪು ಗುಳ್ಳೆ. ಹಾಸಿಗೆ ಬಿಸಿಲಿಗೆ ಹಾಕಿದರು, ಮಂಚ ಬದಲಿಸಿದರು, ತಿಗಣೆ ಹೋಗಲಿಲ್ಲ. ಆ ಬೇಸಿಗೆಯಲ್ಲಿ, ದಕ್ಷಿಣದ ಸಲಾಲಾದಲ್ಲಿ ಆಗ ಬೀಳುವ ಜಿಟಿಜಿಟಿ ಮಳೆ ನೋಡಿಕೊಂಡು ಬರುತ್ತೇವೆಂದು ಮನೆಗೆ ಬೀಗ ಹಾಕಿ ಹೊರಟರು.

ಮರುದಿನ ಶುಕ್ರವಾರ. ಊಟಕ್ಕೆ ಮೊದಲೇ ಅನ್ವಿ ವಾಂತಿ ಮಾಡಿದಳು. ಹಿಂದಿನ ಸಂಜೆ ತಿಂದ ಶವರ್ಮಾವನ್ನು ಬೈದೆ. ಮತ್ತೆ ವಾಂತಿಯಾಯಿತು. ನನಗೂ ತಲೆ ಸಿಡಿಯುತ್ತಿತ್ತು. ಕಿಟಕಿಗಳೆಲ್ಲ ಮುಚ್ಚಿ ಎಸಿ ಓಡುತ್ತಿತ್ತು. ಎಲ್ಲಿಂದಲೋ ಹಳಸಿದ ಬೆಳ್ಳುಳ್ಳಿಯಂಥ ವಾಸನೆ. ಎದುರುಮನೆಯ ಸುಮತಿಯಕ್ಕನ ಅಡುಗೆ ಇರಬೇಕೆಂದುಕೊಂಡೆ.

ಅಷ್ಟರಲ್ಲಿ ಉಡುಪಿಯ ಆ ಸುಮತಿಯಕ್ಕನೇ ಪಾಯಸದ ಬಟ್ಟಲು ಹಿಡಿದು ಬಂದರು. ಹೊಸ್ತಿಲಲ್ಲೇ ನಿಂತು, ಇದೆಂಥ ವಾಸನೆ ಎಂದು ಕೇಳಿದರು. ನಿಮ್ಮ ಒಗ್ಗರಣೆಯದಲ್ಲವೇ ಎಂದೆ.

"ಶುಕ್ರವಾರ ನಾವು ಬೆಳ್ಳುಳ್ಳಿ ಮುಟ್ಟುವುದುಂಟಾ ಮಾರಾಯ್ತಿ? ಮಗುವನ್ನು ಎತ್ತು. ಮೊದಲು ಹೊರಗೆ ನಡಿ."

ಅನ್ವಿ ಕಣ್ಣು ತೆರೆಯಲೊಲ್ಲಳು. "ಐ ವಾಂಟ್ ಟು ಸ್ಲೀಪ್" ಎಂದು ನನ್ನ ಭುಜಕ್ಕೆ ಒರಗಿದಳು. ಆ ಪುಟ್ಟ ಕೈ ತಣ್ಣಗಿತ್ತು. ಯಜಮಾನರು ಕಾರು ತಂದರು. ನಾವು ಹೊರಡುವಾಗ ಸುಮತಿಯಕ್ಕ ಮಹಡಿಯ ಬಾಗಿಲುಗಳನ್ನೆಲ್ಲ ದಬದಬ ಬಡಿಯುತ್ತಿದ್ದರು. ರೇಖಾಳ ಮನೆಯ ಆಚೆ ಬದಿಯ ಮನೆಯಲ್ಲಿ ಒಂದು ಹಸುಗೂಸಿತ್ತು.

ಆಸ್ಪತ್ರೆಯಲ್ಲಿ ಒಮಾನಿ ವೈದ್ಯೆ ಮಗುವಿನ ಮೂಗಿಗೆ ಆಮ್ಲಜನಕದ ಕೊಳವೆ ಇಡುತ್ತಲೇ ಕೇಳಿದ್ದು ಒಂದೇ ಮಾತು: ಮನೆಯಲ್ಲಾಗಲಿ ಪಕ್ಕದಲ್ಲಾಗಲಿ ಯಾರಾದರೂ ಹುಳದ ಔಷಧಿ ಇಟ್ಟಿದ್ದಾರೆಯೇ, ಯಾವುದು? ನಾನು ಗಣೇಶನಿಗೆ ಫೋನ್ ಮಾಡಿದೆ. ಏನೂ ಇಟ್ಟಿಲ್ಲ ಎಂದರು. ಅದು ಸುಳ್ಳು. ಮನೆಯೊಳಗೆ ಇಡಬಾರದ ವಸ್ತು ಅದೆಂದು ಅವರಿಗೆ ಗೊತ್ತಿತ್ತು. ಒಪ್ಪಿಕೊಂಡರೆ ಪೊಲೀಸು, ಕರೆಸಿಕೊಂಡ ಧಣಿ ಕಫೀಲ್, ಕೆಲಸ, ವೀಸಾ, ಎಲ್ಲವೂ ಕಣ್ಣೆದುರು ಬಂದಿರಬೇಕು. ಇನ್ನೊಮ್ಮೆ ಕೇಳಿದೆ. ಇನ್ನೊಮ್ಮೆ ಇಲ್ಲವೆಂದರು. ಆಮೇಲೆ ಏನೋ ಎಳೆದಾಡಿದ ಸದ್ದು, ರೇಖಾಳ ದನಿ.

"ಮಗೂಗೆ ಏನಾಗಿದೆ ಹೇಳಿ."

ಹೇಳಿದೆ. ಆ ಕಡೆ ಅವಳ ಮಗ ನಗುತ್ತಿರುವುದು ಕೇಳಿಸಿತು.

"ಇಟ್ಟಿದೀವಿ ಕಣ್ರೀ. ಮಾತ್ರೆ. ಮಂಚದ ಕೆಳಗೆ ಇಟ್ಟು, ಬಾಗಿಲ ಸಂದಿಗೆಲ್ಲ ಟೇಪ್ ಅಂಟಿಸಿ ಬಂದ್ವಿ. ಡಬ್ಬಿ ಫೋಟೋ ಇದೆ, ಈಗಲೇ ಕಳಿಸ್ತೀನಿ. ಡಾಕ್ಟ್ರಿಗೆ ತೋರಿಸಿ."

ಫೋಟೋ ನೋಡಿದ ವೈದ್ಯೆ ನರ್ಸನ್ನು ಕೂಗಿದರು. ಆ ಮಾತ್ರೆ ಬಿಡುವ, ಬೆಳ್ಳುಳ್ಳಿಯಂತೆ ನಾರುತ್ತ ಗೋಡೆಯ ಸಂದಿಯಲ್ಲೂ ನುಸುಳುವ ವಿಷಗಾಳಿಗೆ ಮದ್ದಿಲ್ಲವಂತೆ. ಎದೆಬಡಿತ, ಉಸಿರು ಕಾಯುತ್ತ ಕೂರಬೇಕಂತೆ. ಅನ್ವಿಯನ್ನು ಒಳಗೆ ಕರೆದೊಯ್ದರು. ಅಗ್ನಿಶಾಮಕದವರು ಕಟ್ಟಡ ಖಾಲಿ ಮಾಡಿಸಿದರು. ನಾನು ಗಾಜಿನ ಬಾಗಿಲಿನಾಚೆ ನಿಂತು ರೇಖಾಳನ್ನು ಶಪಿಸಿದೆ. ತಮ್ಮ ಮಗುವನ್ನು ಮಳೆಗೆ ಕರೆದೊಯ್ದು, ನನ್ನ ಮಗುವನ್ನು ವಿಷದ ಪಕ್ಕ ಬಿಟ್ಟರು ಎಂದು. ಅವರೂ ಒಂದು ಮಗುವಿನ ಮೈಯ ಗುಳ್ಳೆ ನೋಡಲಾರದೆಯೇ ಆ ಕೆಲಸ ಮಾಡಿದ್ದು ಎಂದು ಯೋಚಿಸುವಷ್ಟು ಜಾಗ ಆಗ ನನ್ನಲ್ಲಿರಲಿಲ್ಲ.

ಅನ್ವಿ ಉಳಿದಳು. ಎಚ್ಚರವಾದಾಗ ನೀರು ಕೇಳಿದಳು. ಆ ಹಸುಗೂಸಿಗೂ ಏನೂ ಆಗಲಿಲ್ಲ. ಗಣೇಶನಿಗೆ ವಿಚಾರಣೆಯಾಯಿತು, ಕೆಲಸ ಹೋಯಿತು, ಅವರು ಊರಿಗೆ ಮರಳಿದರು. ಹೊರಡುವ ಮುನ್ನ ರೇಖಾ ನಮ್ಮ ಬಾಗಿಲಿಗೆ ಬಂದು ಅನ್ವಿಯ ತಲೆ ಸವರಿ ಹೋದಳು.

ಇದನ್ನೆಲ್ಲ ಇವತ್ತು ಅನ್ವಿಗೆ ಪೂರ್ತಿ ಹೇಳಿದೆ. ಅವಳಿಗೆ ಆ ದಿನದ್ದೇನೂ ನೆನಪಿಲ್ಲ. ಪುಸ್ತಕ ಮುಚ್ಚಿ ಕೇಳಿದಳು, ಇಷ್ಟು ಹೊತ್ತಿನಲ್ಲಿ ಮೊದಲ ಬಾರಿ ಕನ್ನಡದಲ್ಲಿ: "ಆ ಆಂಟಿ ಸುಳ್ಳು ಹೇಳಿದ್ದಿದ್ರೆ?"

ಫೋನಿನಲ್ಲಿ ರೇಖಾಳ ಮಂಡ್ಯದ ನಂಬರ್ ಇನ್ನೂ ಇತ್ತು. ಒತ್ತಿದೆ. ಹೆಸರು ಹೇಳಿದೆ. ರೇಖಾ ಕೇಳಿದಳು, "ಮಗಳು ಹೇಗಿದಾಳೆ?"

"ಇಲ್ಲೇ ಇದಾಳೆ" ಎಂದು ಫೋನನ್ನು ಅನ್ವಿಯ ಕೈಗೆ ಕೊಟ್ಟೆ.